ನೀರೂರುವ ಒಣಗಣ್ಣು

ಕಣ್ಣೀರು ಅಳುವಿಗೆ ಮಾತ್ರ ಮೀಸಲೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದು ಕಣ್ಣನ್ನು ಸದಾ ಕಾಯುವ ಪೊರೆ. ಅದರಲ್ಲಿ ಲೋಳೆಯಿದೆ, ನೀರಿದೆ, ಆ ನೀರು ಆರದಂತೆ ರೆಪ್ಪೆಯಂಚಿನ ಗ್ರಂಥಿಗಳು ಸುರಿಸುವ ಎಣ್ಣೆಯೂ ಇದೆ. ನೀರು ಕಡಮೆಯಾದರೂ ಎಣ್ಣೆ ಕೆಟ್ಟರೂ ಕಣ್ಣು ಒಣಗಿ, ಮರಳು ಬಿದ್ದಂತೆ ಚುಚ್ಚುತ್ತದೆ. ಆ ಉರಿಗೆ ಕಣ್ಣು ಧಾರೆಯಾಗಿ ನೀರು ಸುರಿಸುವುದೂ ಉಂಟು. ಆದುದರಿಂದಲೇ ‘ಇಷ್ಟು ನೀರು ಬರುವಾಗ ಒಣಗಿದ್ದು ಹೇಗೆ?’ ಎಂದು ಜನ ನಂಬುವುದಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ಆಲೆಮನೆಯ ಒಲೆಯ ಮುಂದೆ ನಿಲ್ಲುವವರನ್ನೂ, ನಾಗಮಂಗಲದ ಬೇಸಗೆಯ ಧೂಳಿನಲ್ಲಿ ದುಡಿಯುವವರನ್ನೂ, ಕೃಷ್ಣರಾಜಪೇಟೆಯಿಂದ ಬಸ್ಸಿನ ಕಿಟಕಿಗೆ ಮುಖವೊಡ್ಡಿ ಬರುವ ಸಹಪಾಠಿಗಳನ್ನೂ ನಾನು ಬಲ್ಲೆ. ಹೊಗೆ, ಧೂಳು, ಗಾಳಿಗಳು ಈ ಪೊರೆಯ ವೈರಿಗಳು. ಪುಸ್ತಕವನ್ನೋ ಮೊಬೈಲನ್ನೋ ದಿಟ್ಟಿಸುವಾಗ ರೆಪ್ಪೆ ಬಡಿಯುವುದೂ ಕಡಮೆಯಾಗುತ್ತದೆ. ವಯಸ್ಸು, ಕೀಲುವಾತ, ಕೆಲವು ಔಷಧಿಗಳೂ ಕಾರಣವಾಗಬಲ್ಲವು.

1903ರಲ್ಲಿ ಜರ್ಮನಿಯ ವೈದ್ಯ ಶಿರ್ಮರ್ ವಿವರಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಕೆಳರೆಪ್ಪೆಗೆ ಸಿಕ್ಕಿಸಿದ ಸೋಸುಕಾಗದದ ಪಟ್ಟಿ 5 ನಿಮಿಷದಲ್ಲಿ 5 ಮಿಲಿಮೀಟರೂ ನೆನೆಯದಿದ್ದರೆ ನೀರು ತೀರ ಕಡಮೆಯೆಂದು ತಿಳಿಯಬೇಕು.

ಮುಚ್ಚಿದ ರೆಪ್ಪೆಯ ಮೇಲೆ ಹದವಾದ ಬಿಸಿನೀರಿನ ಬಟ್ಟೆಯನ್ನಿಟ್ಟರೆ ಗಟ್ಟಿಯಾದ ಎಣ್ಣೆ ಸಡಿಲವಾಗುತ್ತದೆ. ನೀರಿನ ಕೊರತೆಗೆ ಕೃತಕ ಕಣ್ಣೀರಿನ ಹನಿಗಳಿವೆ. ಆದರೆ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿ ಸರ್ವಥಾ ಬೇಡ. ಅದರಿಂದ ಕೆಂಪು ಬೇಗ ಇಳಿಯುವುದು ನಿಜ; ಆದರೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡವೇರಿ, ನೋವೇ ಇಲ್ಲದೆ ದೃಷ್ಟಿ ಕುಂದಬಹುದು. ಹಾಗೆ ಹೋದ ದೃಷ್ಟಿ ಮರಳಿ ಬಾರದು. ಒಣಗಣ್ಣು ಒಂದು ದಿನದಲ್ಲಿ ವಾಸಿಯಾಗುವ ಬೇನೆಯಲ್ಲ. ದಿನವೂ ತಾಳ್ಮೆಯಿಂದ ಮಾಡುವ ಆರೈಕೆಯೇ ಅದಕ್ಕೆ ಮದ್ದು.