‘ಓಪನ್’ ಎಂಬ ಬೋರ್ಡಿಗೆ ಮರುಳಾಗದಿರಲು

ಕಂಪನಿಗೆ ಸಾಫ್ಟ್‌ವೇರ್ ಆರಿಸುವ ಹೊಣೆ ನಿಮ್ಮ ಹೆಗಲೇರಿದೆಯೇ? ಇವಿಷ್ಟು ತಲೆಯಲ್ಲಿರಲಿ.

1. ಮೊದಲು ಲೈಸೆನ್ಸ್ ಫೈಲ್, ಆಮೇಲೆ ಜಾಹೀರಾತು. ಎಂಐಟಿ, ಅಪಾಚೆ 2.0, ಜಿಪಿಎಲ್ ಎಂದಿದ್ದರೆ ಹೆಚ್ಚು ತಲೆಬಿಸಿ ಬೇಡ; ಓಪನ್ ಸೋರ್ಸ್ ಇನಿಶಿಯೇಟಿವ್ ಒಪ್ಪಿದ ಲೈಸೆನ್ಸ್‌ಗಳಿವು. ಕಂಪನಿ ತಾನೇ ಬರೆದುಕೊಂಡ ‘ಕಮ್ಯುನಿಟಿ ಲೈಸೆನ್ಸ್’ ಕಂಡಿತೋ, ಕಾಫಿ ತರಿಸಿಕೊಂಡು ಪೂರ್ತಿ ಓದಿ.

2. ಷರತ್ತು ಯಾರನ್ನು ಹೊರಗಿಡುತ್ತದೆ ನೋಡಿ. ಮೆಟಾ 2023ರ ಜುಲೈನಲ್ಲಿ ಲಾಮಾ 2 ಎಂಬ ಎಐ ಭಾಷಾ ಮಾದರಿಯನ್ನು ಬಿಡುಗಡೆ ಮಾಡಿ ಓಪನ್ ಸೋರ್ಸ್ ಎಂದೇ ಸಾರಿತು. ಲೈಸೆನ್ಸ್ ಓದಿದರೆ ಬೇರೆಯೇ ಕತೆ. ಬಿಡುಗಡೆಯ ಹೊತ್ತಿಗೆ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿದ್ದ ಕಂಪನಿಗಳು ಮೆಟಾದಿಂದ ಪ್ರತ್ಯೇಕ ಅನುಮತಿ ಪಡೆಯಬೇಕು. ಅಷ್ಟು ದೊಡ್ಡವರ ಗೊಡವೆ ನಮಗೇಕೆ ಅನ್ನುತ್ತೀರಾ? ಇನ್ನೊಂದು ಷರತ್ತು ಸಣ್ಣವರಿಗೂ ತಟ್ಟುತ್ತಿತ್ತು: ಲಾಮಾ 2 ಕೊಟ್ಟ ಉತ್ತರಗಳಿಂದ ಬೇರೆ ಭಾಷಾ ಮಾದರಿಯನ್ನು ಸುಧಾರಿಸುವಂತಿಲ್ಲ. ಬೆಂಗಳೂರಿನ ಪುಟ್ಟ ತಂಡವೊಂದು ಅದರ ಕೈಲಿ ಪ್ರಶ್ನೋತ್ತರ ಬರೆಸಿ, ತನ್ನದೇ ಕನ್ನಡ ಮಾದರಿಗೆ ಕಲಿಸಲು ಹೊರಟರೆ ಅಲ್ಲೇ ತಡೆ. ಲಾಮಾ 3.1ರಲ್ಲಿ ಇದು ಸಡಿಲವಾಯಿತು. ಆದರೆ ಹಾಗೆ ತಯಾರಾದ ಮಾದರಿಯನ್ನು ಹಂಚುವಾಗ ಅದರ ಹೆಸರು ‘ಲಾಮಾ’ ಎಂದೇ ಶುರುವಾಗಬೇಕಂತೆ. ಮಗು ನಿಮ್ಮದು, ನಾಮಕರಣ ಅವರದು!

3. ಎಐ ಮಾದರಿಯ ವೆಯ್ಟ್ಸ್ (ಅದು ಕಲಿತದ್ದನ್ನು ಹಿಡಿದಿಟ್ಟ ಸಂಖ್ಯೆಗಳು) ಡೌನ್‌ಲೋಡ್ ಆಯಿತೆಂದು ಬೀಗಬೇಡಿ. ಯಾವ ದತ್ತಾಂಶ, ಯಾವ ಕೋಡ್ ಬಳಸಿ ಕಲಿಸಿದರೆಂದು ಕೇಳಿ. ಅಲೆನ್ ಇನ್‌ಸ್ಟಿಟ್ಯೂಟ್ ಫಾರ್ ಎಐ ತನ್ನ ಓಲ್ಮೊ ಮಾದರಿಯ ಜೊತೆ ಇವನ್ನೂ ಕೊಟ್ಟಿದೆ. ಹಾಗಾಗಿ ‘ಕೊಡಲು ಬರುವುದೇ ಇಲ್ಲ’ ಎಂಬ ನೆಪ ನಡೆಯದು.

4. ‘ವಾಣಿಜ್ಯೇತರ ಬಳಕೆಗೆ ಮಾತ್ರ’ ಎಂದಿದೆಯೇ? ಓಪನ್ ಸೋರ್ಸ್ ಅಲ್ಲ. ಚರ್ಚೆಯೇ ಬೇಡ.

5. ನಾಳೆ ನಿಯಮ ಬದಲಿಸುವ ಹಕ್ಕು ಯಾರ ಕೈಲಿದೆ? ಹ್ಯಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ತನ್ನ ಟೆರಾಫಾರ್ಮ್ ಸಾಫ್ಟ್‌ವೇರನ್ನು ಎಂಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನಿಂದ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ದಾಟಿಸಿತು. ಪೈಪೋಟಿ ಕೊಡುವವರಿಗೆ ಬಾಗಿಲು ಬಂದ್. ಪುಣ್ಯಕ್ಕೆ ಹಳೆಯ ಆವೃತ್ತಿಗಳು ಎಂಪಿಎಲ್‌ನಲ್ಲೇ ಉಳಿದವು, ಅವುಗಳಿಂದಲೇ ಓಪನ್‌ಟೋಫು ಎಂಬ ಹೊಸ ಯೋಜನೆ ಕವಲೊಡೆಯಿತು. ನೀವೂ ಕೋಡ್ ಬರೆದುಕೊಡುವವರಾದರೆ, ಅದಕ್ಕೂ ಮೊದಲು ಸಹಿ ಹಾಕಿಸಿಕೊಳ್ಳುವ ಒಪ್ಪಂದದಲ್ಲಿ ಲೈಸೆನ್ಸ್ ಬದಲಿಸುವ ಹಕ್ಕನ್ನೂ ಬರೆದುಕೊಡುತ್ತಿದ್ದೀರಾ ನೋಡಿಕೊಳ್ಳಿ.

6. ನಿಮ್ಮ ಉತ್ಪನ್ನಕ್ಕೂ ಇಂಥ ನಿರ್ಬಂಧ ಇದ್ದರೆ ‘ಸೋರ್ಸ್ ಅವೈಲಬಲ್’ (ಕೋಡ್ ನೋಡಬಹುದು, ಬಳಕೆಗೆ ಷರತ್ತುಂಟು) ಎಂದು ನೇರವಾಗಿ ಹೇಳಿ. ಅದರಲ್ಲಿ ಅವಮಾನವೇನಿಲ್ಲ.

7. ಯಾವ ಆವೃತ್ತಿ ಬಳಸಿದಿರೋ ಅದರ ಲೈಸೆನ್ಸ್ ಪ್ರತಿಯನ್ನು ತಾರೀಖಿನ ಸಮೇತ ಪ್ರಾಜೆಕ್ಟ್ ಫೋಲ್ಡರಿನಲ್ಲೇ ಇಟ್ಟುಕೊಳ್ಳಿ. ವಕೀಲರು ಮೊದಲು ಕೇಳುವುದು ಅದನ್ನೇ.