ಇಲ್ಲದ ಅಂಗಡಿಗೆ ಇಂದೇ ಕೊಡುವ ಬೆಲೆ

ಕೂನೂರಿನಿಂದ ಊಟಿಯ ಕಡೆಗೆ ಮೂರು ಕಿಲೋಮೀಟರ್ ಹತ್ತಿದರೆ ವೆಲ್ಲಿಂಗ್ಟನ್. ಬೆಟ್ಟದ ರೈಲಿನ ಪುಟ್ಟ ನಿಲ್ದಾಣ, ಮದ್ರಾಸ್ ರೆಜಿಮೆಂಟಿನ ಕೇಂದ್ರ, ರಕ್ಷಣಾ ಸೇವೆಗಳ ಸ್ಟಾಫ್ ಕಾಲೇಜು, ಇವುಗಳ ಮಧ್ಯೆ ಒಂದು ಬಜಾರು, ಸುತ್ತ ಚಹಾ ತೋಟ. 1852ರಲ್ಲಿ ಇಲ್ಲಿ ಬ್ಯಾರಕ್ ಕಟ್ಟಲು ಹೊರಟಾಗ ಬ್ರಿಟಿಷರು ಜಾಗವನ್ನು ಕರೆದದ್ದು ಪಕ್ಕದ ಬಡಗರ ಹಟ್ಟಿಯ ಹೆಸರಿನಿಂದ, ಜಕ್ಕತಲಾ ಎಂದು. ಹಟ್ಟಿ ಇಂದಿಗೂ ಜಗತಲ ಎಂಬ ಹೆಸರಿನಲ್ಲಿ ಅಲ್ಲೇ ಇದೆ. ಮೈಸೂರು ಸೀಮೆಯಿಂದ ಘಟ್ಟ ಹತ್ತಿದವರು ತಾವು ಎಂದು ಹೇಳಿಕೊಳ್ಳುವ, ಕನ್ನಡದ ಕಿವಿಗೆ ಅರ್ಧಕ್ಕಿಂತ ಹೆಚ್ಚು ತಿಳಿಯುವ ಮಾತನಾಡುವ ಜನರ ನೆಲ ಅದು. 2011ರ ಜನಗಣತಿಯಲ್ಲಿ ವೆಲ್ಲಿಂಗ್ಟನ್ ದಂಡುಪ್ರದೇಶದಲ್ಲಿದ್ದವರು ಸುಮಾರು 19 ಸಾವಿರ ಮಂದಿ. ಇಷ್ಟು ಸಣ್ಣ ಊರಿಗೆ ಹಣಕಾಸಿನ ಅಂಕಣದಲ್ಲಿ ಜಾಗ ಯಾಕೆಂದರೆ, ನಾಳೆ ಇಲ್ಲಿ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಹೋಟೆಲು ಎಂಬ ಪ್ರಶ್ನೆ ತೆರೆದುಕೊಳ್ಳುವ ಸಾಧ್ಯತೆ ಇದೆ. ದೇಶದ ಕಂಟೋನ್ಮೆಂಟುಗಳ ನಾಗರಿಕ ಬಡಾವಣೆಗಳನ್ನು ಬೇರ್ಪಡಿಸಿ ಆಯಾ ರಾಜ್ಯದ ಸ್ಥಳೀಯ ಸಂಸ್ಥೆಗಳಿಗೆ ಸೇರಿಸುವುದು ಕೇಂದ್ರ ಸರ್ಕಾರದ ನೀತಿ. 2023ರ ಏಪ್ರಿಲ್‌ನಲ್ಲಿ ಹಿಮಾಚಲದ ಖಾಸ್ ಯೋಲ್‌ನಿಂದ ಅದು ಶುರುವಾಯಿತು. ವೆಲ್ಲಿಂಗ್ಟನ್‌ನ ಬಜಾರೂ ಅದರ ಸುತ್ತಲಿನ ಮನೆಗಳೂ ಒಂದು ದಿನ ಕೂನೂರು ನಗರಸಭೆಯ ವಾರ್ಡುಗಳಾಗಬಹುದು. ಆ 'ಆಗಬಹುದು'ವಿಗೆ ಎಷ್ಟು ದುಡ್ಡು ಕೊಡಬೇಕು ಎಂಬುದೇ ಇಲ್ಲಿನ ವಿಚಾರ. ನನ್ನ ಉತ್ತರ: ಏನೂ ಕೊಡಬಾರದು. ಜಾಗಕ್ಕೆ ಇಂದಿನ ಕಾಗದ ಯಾವ ಬಳಕೆಯನ್ನು ಒಪ್ಪುತ್ತದೋ ಅದರ ಬೆಲೆ ಮಾತ್ರ ಕೊಡಬೇಕು. ಊರಿನ ಯೋಜನೆ ಮಾಡುವವರೂ, ಗಡಿ ಬದಲಾಗುವ ಮೊದಲೇ ವ್ಯಾಪಾರದ ಜಾಗವನ್ನು ಗುರುತಿಸಿ ಮುಗಿಸಿ ಆ ಆಸೆಯ ಬೆಲೆ ಏಳದಂತೆ ನೋಡಿಕೊಳ್ಳಬೇಕು.

ಮೊದಲು ಲೆಕ್ಕ. ಉದಾಹರಣೆಗೆ, ಮನೆ ಕಟ್ಟಲು ಮಾತ್ರ ಅನುಮತಿ ಇರುವ ಒಂದು ನಿವೇಶನದ ಬೆಲೆ 50 ಲಕ್ಷ, ಅದೇ ಜಾಗಕ್ಕೆ ವಾಣಿಜ್ಯ ಬಳಕೆಯ ಒಪ್ಪಿಗೆ ಸಿಕ್ಕರೆ 1 ಕೋಟಿ ಎಂದಿಟ್ಟುಕೊಳ್ಳಿ. ಮಾರುವವರು ಕೇಳುವುದು 80 ಲಕ್ಷ. ಮೇಲುನೋಟಕ್ಕೆ 20 ಲಕ್ಷ ಲಾಭ ನಮ್ಮ ಪಾಲಿಗೆ ಬಿಟ್ಟುಕೊಟ್ಟಂತೆ ಕಾಣುತ್ತದೆ. ತಮಿಳುನಾಡಿನಲ್ಲಿ ಮುದ್ರಾಂಕ ಶುಲ್ಕ ಶೇ 7, ನೋಂದಣಿ ಶುಲ್ಕ ಶೇ 2. ಅಂದರೆ 80 ಲಕ್ಷದ ಮೇಲೆ 7.2 ಲಕ್ಷ. ಕೈಯಿಂದ ಹೋದ ಹಣ 87.2 ಲಕ್ಷ ಆಯಿತು. ಬಳಕೆ ಬದಲಾಗಲು ಐದು ವರ್ಷ ಹಿಡಿಯಿತು, ಆಸೆಪಟ್ಟಂತೆ 1 ಕೋಟಿಗೆ ಮಾರಿದಿರಿ. 2024ರ ಜುಲೈ 23ರ ನಂತರ ಕೊಂಡ ಜಾಗಕ್ಕೆ ಹಣದುಬ್ಬರದ ಸೂಚ್ಯಂಕದ ರಿಯಾಯಿತಿ ಇಲ್ಲ. ಲಾಭದ ಮೇಲೆ ಶೇ 12.5 ತೆರಿಗೆ, ಇಲ್ಲಿ 1.6 ಲಕ್ಷ. ಉಳಿದದ್ದು 98.4 ಲಕ್ಷ. ಐದು ವರ್ಷ ಕಾದದ್ದಕ್ಕೆ ವರ್ಷಕ್ಕೆ ಶೇ ಎರಡೂವರೆಗಿಂತಲೂ ಕಡಿಮೆ ಗಳಿಕೆ. ಇದು ಗೆದ್ದವರ ಲೆಕ್ಕ. ದಲ್ಲಾಳಿಯ ಕಮಿಷನ್, ಬೇಲಿ, ವರ್ಷವರ್ಷದ ತೆರಿಗೆ ಇದರಲ್ಲಿ ಸೇರಿಲ್ಲ. ಸೋತವರ ಕೈಯಲ್ಲಿ ಉಳಿಯುವುದು 87.2 ಲಕ್ಷ ಸುರಿದ 50 ಲಕ್ಷದ ನಿವೇಶನ. ಆ ನಿವೇಶನದ ಬೆಲೆ ವರ್ಷಕ್ಕೆ ಶೇ 7ರಂತೆ ಏರಿದರೂ ಹಾಕಿದ ಅಸಲು ಮರಳಲು ಎಂಟು ವರ್ಷ ದಾಟಬೇಕು. ಅಂಕಿಗಳನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ, ತತ್ವ ಬದಲಾಗುವುದಿಲ್ಲ. ಬಳಕೆ ಬದಲಾದರೆ ಬರುವ ಲಾಭದ ಬಹುಪಾಲನ್ನು ಮಾರುವವರು ಮುಂಗಡವಾಗಿ ಪಡೆದಿರುತ್ತಾರೆ. ಬದಲಾಗದಿದ್ದರೆ ಬರುವ ನಷ್ಟ ಪೂರ್ತಿಯಾಗಿ ಕೊಂಡವರ ಮನೆಯದು. ಸಂಬಳದ ಉಳಿತಾಯದಿಂದ, ನಿವೃತ್ತಿಯ ಹಣದಿಂದ ಜಾಗ ಕೊಳ್ಳುವ ಕುಟುಂಬಕ್ಕೆ ಇಂಥ ಪಣ ಸಲ್ಲದು.

ಇನ್ನು ವಿಲೀನದಿಂದ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದು. ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಕಂಟೋನ್ಮೆಂಟಿನ ನೆಲವನ್ನು ಜನರಲ್ ಲ್ಯಾಂಡ್ ರಿಜಿಸ್ಟರ್ ಎಂಬ ದಾಖಲೆಯಲ್ಲಿ ಎ, ಬಿ, ಸಿ ಎಂದು ವರ್ಗ ಮಾಡಿ ಇಟ್ಟಿರುತ್ತಾರೆ. ದೇಶದ ದಂಡುಪ್ರದೇಶಗಳಲ್ಲಿ ಹಳೆಯ ಬಂಗಲೆಗಳು ಬಹಳಷ್ಟು ನಿಂತಿರುವುದು 'ಓಲ್ಡ್ ಗ್ರಾಂಟ್' ಎಂಬ ಬ್ರಿಟಿಷರ ಕಾಲದ ಷರತ್ತಿನ ಮೇಲೆ: ಕಟ್ಟಡ ನಿಮ್ಮದು, ನೆಲ ಸರ್ಕಾರದ್ದು, ಬೇಕೆಂದಾಗ ಕಟ್ಟಡದ ಪರಿಹಾರ ಕೊಟ್ಟು ಸರ್ಕಾರ ನೆಲವನ್ನು ಹಿಂದಕ್ಕೆ ಪಡೆಯಬಹುದು. ಈ ಷರತ್ತನ್ನು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಬಾರಿ ಎತ್ತಿಹಿಡಿದಿದೆ. ನಾಗರಿಕ ಪ್ರದೇಶವನ್ನು ನಗರಸಭೆಗೆ ಸೇರಿಸುವಾಗ ನೀರು, ಬೀದಿ, ದೀಪದಂಥ ಪೌರಸೇವೆಯ ಆಸ್ತಿಗಳನ್ನು ರಾಜ್ಯಕ್ಕೆ ಉಚಿತವಾಗಿ ಕೊಡುವುದು, ಆದರೆ ಅನ್ವಯವಾಗುವ ಕಡೆ ನೆಲದ ಒಡೆತನವನ್ನು ಭಾರತ ಸರ್ಕಾರವೇ ಉಳಿಸಿಕೊಳ್ಳುವುದು, 2024ರಲ್ಲಿ ಕೇಂದ್ರ ಹಾಕಿಕೊಟ್ಟ ಕ್ರಮ. ಹಾಗಾಗಿ ಕಂದಾಯ ಕಟ್ಟುವ ಕಚೇರಿ ಬದಲಾಗುತ್ತದೆ, ನೆಲದ ಹಕ್ಕು ಬದಲಾಗುವುದಿಲ್ಲ. ಸೈನ್ಯದ ನೆಲೆಯ ಪಕ್ಕದಲ್ಲಿ ಕಟ್ಟುವುದಕ್ಕೆ ಇರುವ ನಿರ್ಬಂಧಗಳೂ ನಗರಸಭೆಯ ಬೋರ್ಡು ಬಂದ ಮಾತ್ರಕ್ಕೆ ಎದ್ದುಹೋಗುವುದಿಲ್ಲ. ಬೇರ್ಪಡಿಸುವಾಗ ಸೇನೆಯ ಭದ್ರತೆಗೆ ಆದ್ಯತೆ ಎಂದು ಅದೇ ಕ್ರಮ ಹೇಳುತ್ತದೆ. ನಗರಸಭೆ ಬಂದರೆ ಎಲ್ಲ ಫ್ರೀಹೋಲ್ಡ್ ಆಗುತ್ತದೆ ಎಂದು ಯಾರಾದರೂ ಹೇಳಿದರೆ, ಆ ಸರ್ವೆ ನಂಬರಿಗೆ ರಿಜಿಸ್ಟರಿನಲ್ಲಿ ಯಾವ ವರ್ಗ ಬರೆದಿದೆ ಎಂದು ಮೊದಲು ಕೇಳಬೇಕು. ಬ್ಯಾಂಕಿನ ವಕೀಲರು ಕೇಳುವುದೂ ಅದನ್ನೇ. ಸಾಲ ಹುಟ್ಟದ ಕಾಗದಕ್ಕೆ ಪೂರ್ತಿ ಬೆಲೆ ಕೊಡುವುದು ಬೇಡ.

ದಂಡಿನ ಗಡಿ ದಾಟಿ ಜಗತಲದ ಕಡೆಗೋ ಅರವಂಕಾಡಿನ ಕಡೆಗೋ ಪಟ್ಟಾ ಇರುವ ಜಾಗ ಹುಡುಕುವವರಿಗೆ ಬೇರೊಂದು ಬೇಲಿ ಇದೆ. ಕರ್ನಾಟಕದವರು ಜಾಗ ನೋಡುವಾಗ ಕೇಳುವ ಮೊದಲ ಪ್ರಶ್ನೆ 'ಕನ್ವರ್ಷನ್ ಆಗಿದೆಯಾ?' ನೀಲಗಿರಿಯಲ್ಲಿ ಆ ಒಂದು ಪ್ರಶ್ನೆ ಸಾಲದು. 1990ರಿಂದ ಬೆಟ್ಟ ಪ್ರದೇಶ ಸಂರಕ್ಷಣಾ ಪ್ರಾಧಿಕಾರ ಇದೆ, ಜನ ಅದನ್ನು ಹಾಕಾ ಎನ್ನುತ್ತಾರೆ. 1993ರಿಂದ ಗಿರಿಧಾಮಗಳಿಗೆ ಪ್ರತ್ಯೇಕ ಕಟ್ಟಡ ನಿಯಮಗಳಿವೆ. ಕಟ್ಟಡದ ಎತ್ತರಕ್ಕೆ 7 ಮೀಟರ್ ಮಿತಿ ಇದೆ. ಈ ಬಿಗಿಗೆ ಕಾರಣ ಅಧಿಕಾರಿಗಳ ಹಟ ಅಲ್ಲ. 2009ರ ನವೆಂಬರಿನ ಮೂರು ದಿನಗಳ ಮಳೆಯಲ್ಲಿ ಈ ಜಿಲ್ಲೆಯ ಇಳಿಜಾರುಗಳು ಕುಸಿದು 43 ಜನ ಸತ್ತರು. ಕೂನೂರು, ಕೇತಿ, ಊಟಿಯ ಸುತ್ತ ಕುಸಿದ ಕಡೆಗಳಲ್ಲಿ ಹೆಚ್ಚಿನವು ಮನುಷ್ಯ ಕತ್ತರಿಸಿದ, ರಸ್ತೆಗೋ ಮನೆಗೋ ಸಮ ಮಾಡಿದ ದಿಣ್ಣೆಗಳು. ಅಂಗಡಿ, ಹೋಟೆಲಿಗೆ ಬೇಕಾಗುವುದು ಅಂಥದೇ ಸಮತಟ್ಟು, ಜೊತೆಗೆ ವಾಹನ ನಿಲ್ಲಿಸುವ ಜಾಗ. ಮನೆಯೊಂದು ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಒಗ್ಗಿಕೊಳ್ಳಬಲ್ಲದು, ಪಾರ್ಕಿಂಗ್ ಒಗ್ಗಿಕೊಳ್ಳಲಾರದು. ಆದ್ದರಿಂದ ಬೆಟ್ಟದಲ್ಲಿ ವಸತಿಯಿಂದ ವಾಣಿಜ್ಯಕ್ಕೆ ಬದಲಾಗುವುದೆಂದರೆ ಮಣ್ಣು ಕಡಿಯುವುದು, ತಡೆಗೋಡೆ ಕಟ್ಟುವುದು, ನೀರಿನ ದಾರಿ ತಿರುಗಿಸುವುದು. ಮೈದಾನದ ಊರಿನಲ್ಲಿ ಅದು ಬರೀ ಬೋರ್ಡು ಬದಲಿಸುವ ಕೆಲಸ ಆಗಿದ್ದೀತು, ಇಲ್ಲಿ ಅಲ್ಲ. ಬೆಟ್ಟ ಎಷ್ಟು ಜನರನ್ನು ತಾಳಿಕೊಂಡೀತು ಎಂಬ ಪ್ರಶ್ನೆ ಕೋರ್ಟಿನ ಮುಂದೆಯೂ ಇದೆ. ಮದ್ರಾಸ್ ಹೈಕೋರ್ಟ್ 2024ರ ಮೇ ತಿಂಗಳಿಂದ ಇಲ್ಲಿಗೆ ಬರುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯ ಮಾಡಿತು. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000 ಪ್ರವಾಸಿ ವಾಹನಗಳ ಮಿತಿ ಹಾಕಿತು. ಪ್ರವಾಸಿಗರನ್ನು ನಂಬಿ ಜಾಗಕ್ಕೆ ವಾಣಿಜ್ಯದ ಬೆಲೆ ಕಟ್ಟುವವರು ಆ ಎರಡು ಅಂಕಿಗಳನ್ನು ತಮ್ಮ ಲೆಕ್ಕದೊಳಗೆ ಸೇರಿಸಲೇಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಬೆಂಗಳೂರಿನಿಂದಲೇ ಬರುತ್ತದೆ, ಮತ್ತು ಅದು ಗಟ್ಟಿಯಾದದ್ದೇ. ಇಂದಿರಾನಗರದ ನೂರಡಿ ರಸ್ತೆ ಮನೆಗಳಿಗೆಂದು ಹಾಕಿದ ಬಡಾವಣೆ. ನಕ್ಷೆ ಏನೇ ಹೇಳಿರಲಿ, ಅಲ್ಲಿ ಅಂಗಡಿ ಬಂತು, ಬಾರ್ ಬಂತು. 2007ರಲ್ಲಿ ಜಾರಿಗೆ ಬಂದ ಮಹಾಯೋಜನೆ, ಅಗಲ ರಸ್ತೆಗಳ ವಸತಿ ಪ್ರದೇಶದಲ್ಲಿ ಮಿಶ್ರ ಬಳಕೆಗೆ ದಾರಿ ಮಾಡಿತು. ಅಲ್ಲಿ ಮುಂಚೆಯೇ ಜಾಗ ಹಿಡಿದವರು ಗೆದ್ದರು ಎಂಬುದು ನಿಜ. ಆದರೆ ಗೆದ್ದವರಲ್ಲಿ ಬಹುಮಂದಿ ಮನೆಯ ಬೆಲೆಗೆ ಕೊಂಡಿದ್ದವರು. ಅಂಗಡಿಯ ಆಸೆಗೆ ಬೇರೆ ದುಡ್ಡು ಕೊಟ್ಟಿರಲಿಲ್ಲ. ನಂತರ ಬಂದು ಆಸೆಯ ಬೆಲೆ ಕೊಟ್ಟವರು, ಅಕ್ರಮ-ಸಕ್ರಮವನ್ನು ನಂಬಿ ಕಟ್ಟಿದವರು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆಗೆ ತಡೆ ಕೊಟ್ಟಮೇಲೆ ಕಾಯುತ್ತ ಕೂತರು. ನೀಲಗಿರಿಯಲ್ಲಿ ಇದೇ ನಂಬಿಕೆಗೆ ಇನ್ನೂ ಕಠಿಣವಾದ ಉತ್ತರ ಸಿಕ್ಕಿದೆ. ಮಸಿನಗುಡಿಯ ಸುತ್ತ, ಸೀಗೂರು ಬಯಲಿನಲ್ಲಿ, ಆನೆ ಓಡಾಡುವ ದಾರಿಯಲ್ಲಿ ರೆಸಾರ್ಟುಗಳು ಎದ್ದವು. ಅವುಗಳಲ್ಲಿ ಕೆಲವು ಮನೆಯ ಹೆಸರಿನಲ್ಲಿ ಅನುಮತಿ ಪಡೆದಂಥವು, ಕೆಲವು ಅನುಮತಿಯೇ ಇಲ್ಲದವು. 2010ರಲ್ಲಿ ತಮಿಳುನಾಡು ಸರ್ಕಾರ ಆನೆ ಕಾರಿಡಾರ್ ಘೋಷಿಸಿತು, 2011ರಲ್ಲಿ ಹೈಕೋರ್ಟ್ ಒಪ್ಪಿತು, 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರೆಸಾರ್ಟುಗಳಿಗೆ ಬೀಗ ಬಿತ್ತು, 2020ರ ಅಕ್ಟೋಬರ್ 14ರಂದು ಅಂತಿಮ ತೀರ್ಪು ಕಾರಿಡಾರಿನ ಪರವಾಗಿ ಬಂತು. ಹತ್ತು ವರ್ಷ ಹಣ ಸಿಕ್ಕಿಹಾಕಿಕೊಂಡಿತು. ವೆಲ್ಲಿಂಗ್ಟನ್ ಆನೆಯ ದಾರಿಯಲ್ಲ, ಒಪ್ಪುತ್ತೇನೆ. ಆದರೆ ಜಿಲ್ಲೆ ಒಂದೇ, ಹೈಕೋರ್ಟೂ ಒಂದೇ, 'ಮೊದಲು ಕಟ್ಟೋಣ, ಆಮೇಲೆ ಸರಿಮಾಡಿಸಿಕೊಳ್ಳೋಣ' ಎಂಬ ಮನೋಭಾವವೂ ಒಂದೇ.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಬೆಲೆ ಏರಬಾರದು ಎಂದರೆ ನಷ್ಟ ಯಾರಿಗೆ? ಅರ್ಧ ಎಕರೆ, ಒಂದು ಎಕರೆ ಚಹಾ ಇಟ್ಟುಕೊಂಡ ಬಡಗ ಕುಟುಂಬಕ್ಕೆ. 2023ರಲ್ಲಿ ಅಲ್ಲಿನ ಬೆಳೆಗಾರರು ಹಸಿರೆಲೆಗೆ ಕೆಜಿಗೆ 33.50 ರೂಪಾಯಿ ಕೇಳಿ ಸರದಿ ಉಪವಾಸ ಕೂತರು. ಕೈಗೆ ಸಿಗುತ್ತಿದ್ದ ದರ ಅದಕ್ಕಿಂತ ಬಹಳ ಕಡಿಮೆ. ಎಲೆಯಿಂದ ಹೊಟ್ಟೆ ತುಂಬದವರಿಗೆ ನೆಲದ ಬೆಲೆಯೊಂದೇ ಆಸರೆ. ಅದನ್ನೂ ವಲಯದ ನಕ್ಷೆಯಿಂದ ಹಿಸುಕುವುದು ಪೇಟೆಯವರ ನ್ಯಾಯವಲ್ಲವೇ? ಈ ಮಾತಿನ ನೋವು ನಿಜ, ಪರಿಹಾರ ತಪ್ಪು. ವಾಣಿಜ್ಯದ ಆಸೆಯಿಂದ ಉಬ್ಬಿದ ಬೆಲೆಯಲ್ಲಿ ಬೆಳೆಗಾರನಿಗೆ ಸಿಗುವುದು ಮೊದಲ ಮಾರಾಟದ ಹಣ ಮಾತ್ರ. ಆಮೇಲೆ ಕೈಯಿಂದ ಕೈಗೆ ಹೋಗುವಾಗಿನ ಏರಿಕೆ ಮಧ್ಯದವರದು. ಅದೇ ಹಟ್ಟಿಯ ಮುಂದಿನ ತಲೆಮಾರಿನ ಹುಡುಗ ಮನೆ ಕಟ್ಟಲು ಐದು ಸೆಂಟ್ ಹುಡುಕಿದರೆ ಕೇಳುವ ದರ ಹೊರಗಿನ ಹೂಡಿಕೆದಾರನ ದರ. ಬೆಳೆಗಾರನಿಗೆ ಬೇಕಾದದ್ದು ಎಲೆಗೆ ನ್ಯಾಯವಾದ ಬೆಲೆ, ಮತ್ತು ತನ್ನ ಹಟ್ಟಿಯಲ್ಲೇ ಎರಡು ಕೋಣೆಯ ಹೋಂಸ್ಟೇ, ಒಂದು ಚಹಾ ಅಂಗಡಿ ನಡೆಸಲು ಸರಳವಾದ ಅನುಮತಿ. ಮೂವತ್ತು ಕೋಣೆಯ ಹೋಟೆಲಿಗೂ ಎರಡು ಕೋಣೆಯ ಹೋಂಸ್ಟೇಗೂ ಒಂದೇ ತಕ್ಕಡಿ ಹಿಡಿದರೆ ಸಣ್ಣವರು ಸೋಲುತ್ತಾರೆ, ಕಾಗದ ಓಡಿಸಲು ಜನ ಇಟ್ಟುಕೊಂಡವರು ಗೆಲ್ಲುತ್ತಾರೆ. ನಕ್ಷೆ ಬಿಗಿಯಾಗಬೇಕಾದದ್ದು ಕಟ್ಟಡದ ಗಾತ್ರ ಮತ್ತು ಇಳಿಜಾರಿನ ವಿಷಯದಲ್ಲಿ, ಹಟ್ಟಿಯವರ ದುಡಿಮೆಯ ವಿಷಯದಲ್ಲಿ ಅಲ್ಲ.

ಹಾಗಾದರೆ ವ್ಯಾಪಾರ ಎಲ್ಲಿ? ಅದು ಈಗಾಗಲೇ ಇರುವ ಕಡೆ: ಬಜಾರಿನಲ್ಲಿ, ರೈಲು ನಿಲ್ದಾಣದ ಸುತ್ತ, ಮೆಟ್ಟುಪಾಳಯದಿಂದ ಕೂನೂರು, ಊಟಿ, ಗೂಡಲೂರು ದಾಟಿ ನಮ್ಮ ಗುಂಡ್ಲುಪೇಟೆಗೆ ಇಳಿಯುವ 181ನೇ ರಾಷ್ಟ್ರೀಯ ಹೆದ್ದಾರಿಯ ಆಯ್ದ ಸಮತಟ್ಟು ತುಣುಕುಗಳಲ್ಲಿ. ಹೆದ್ದಾರಿಯ ಉದ್ದಕ್ಕೂ ಅಂಗಡಿ ಸಾಲು ಬಿಟ್ಟರೆ ಕೂನೂರಿನಿಂದ ಅರವಂಕಾಡಿನವರೆಗೆ ಒಂದೇ ಪೇಟೆ, ಒಂದೇ ಟ್ರಾಫಿಕ್ ಜಾಮ್. 2006ರ ಕಂಟೋನ್ಮೆಂಟ್ ಕಾಯ್ದೆಯಲ್ಲೇ ವಸತಿ, ವಾಣಿಜ್ಯ, ಸಾಂಸ್ಥಿಕ ವಲಯಗಳನ್ನು ಗುರುತಿಸಿ ಭೂಬಳಕೆ ಯೋಜನೆ ಮಾಡುವ ಅವಕಾಶ ಇದೆ. ವಿಲೀನ ಆಗಲಿ ಎಂದು ಕಾಯಬೇಕಿಲ್ಲ. ತೊಡಕು ಇರುವುದು ಬೇರೆ ಕಡೆ. ಕಂಟೋನ್ಮೆಂಟ್ ಬೋರ್ಡುಗಳ ಚುನಾಯಿತ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು, 2023ರ ಏಪ್ರಿಲ್ 30ಕ್ಕೆ ಘೋಷಿಸಿದ್ದ ಚುನಾವಣೆಯನ್ನು ಮಾರ್ಚ್‌ನಲ್ಲೇ ರದ್ದು ಮಾಡಿದರು. ಬಜಾರಿನ ಅಂಗಡಿಯವರ, ಬಾಡಿಗೆ ಮನೆಯವರ ಪರವಾಗಿ ಕೂತು ವಾದಿಸುವ ಸದಸ್ಯರಿಲ್ಲದ ಹೊತ್ತಿನಲ್ಲಿ ಊರಿನ ಮುಂದಿನ ಮೂವತ್ತು ವರ್ಷ ತೀರ್ಮಾನವಾಗಬಾರದು. ಇನ್ನು ನಗರಸಭೆಗೆ ವಾಣಿಜ್ಯ ಕಟ್ಟಡದಿಂದ ಹೆಚ್ಚು ತೆರಿಗೆ ಬರುತ್ತದೆ, ಆ ಆಸೆ ಸಹಜ. ಹಾಗಿದ್ದರೆ ಬಳಕೆ ಬದಲಿಸಿಕೊಂಡವರಿಂದ ಕಾನೂನು ಒಪ್ಪುವ ಅಭಿವೃದ್ಧಿ ಶುಲ್ಕವನ್ನು ಪೂರ್ತಿ ವಸೂಲು ಮಾಡಿ, ಅದನ್ನು ಅದೇ ಇಳಿಜಾರಿನ ಚರಂಡಿಗೂ ತಡೆಗೋಡೆಗೂ ಹಾಕಲಿ. ಇಲ್ಲವಾದರೆ ಒಬ್ಬರ ಹೋಟೆಲಿನಿಂದ ಸಡಿಲವಾದ ಮಣ್ಣಿಗೆ ಕೆಳಗಿನ ಹತ್ತು ಮನೆಯವರು ಬೆಲೆ ತೆರುತ್ತಾರೆ.

ಇಷ್ಟಾದ ಮೇಲೂ ವೆಲ್ಲಿಂಗ್ಟನ್‌ನ ಸುತ್ತ ಮನೆ ಮಾಡಿಕೊಳ್ಳಬೇಕು ಎನ್ನುವವರನ್ನು ನಾನು ತಡೆಯುವುದಿಲ್ಲ. ವಾಸಕ್ಕೆ ಅದು ಒಳ್ಳೆಯ ಊರು, ಮನೆಯ ಬೆಲೆಗೆ ಕೊಂಡ ಮನೆ ಒಳ್ಳೆಯ ಆಸ್ತಿಯೇ. ಮಾರುವವರು 'ನಾಳೆ ಇದು ಕಮರ್ಷಿಯಲ್ ಆಗುತ್ತದೆ' ಎಂದು, ಮೊದಲಿನ ಲೆಕ್ಕದಂತೆ, 30 ಲಕ್ಷ ಹೆಚ್ಚು ಕೇಳಿದರೆ ಜಗಳ ಬೇಡ. ವಕೀಲರ ಮೂಲಕ ಒಂದು ಷರತ್ತನ್ನು ಕರಾರಿನಲ್ಲಿ ಬರೆಸಲು ಹೇಳಿ: ಇಂದು ವಸತಿ ನಿವೇಶನದ ಬೆಲೆ, 50 ಲಕ್ಷ; ಐದು ವರ್ಷದೊಳಗೆ ಈ ಸರ್ವೆ ನಂಬರಿಗೆ ವಾಣಿಜ್ಯ ಬಳಕೆಯ ಲಿಖಿತ ಆದೇಶ ಬಂದರೆ, ಆದೇಶ ಬಂದ ಮೂರು ತಿಂಗಳೊಳಗೆ ಇನ್ನಷ್ಟು ಹಣ, ಇಷ್ಟು ಎಂದು ಈಗಲೇ ನಮೂದಿಸಿ. ಆಗ ಹಟ್ಟಿಯ ಬೆಳೆಗಾರನಿಗೂ ಏರಿಕೆಯಲ್ಲಿ ನ್ಯಾಯವಾದ ಪಾಲು ಉಳಿಯುತ್ತದೆ, ಕೊಳ್ಳುವ ಕುಟುಂಬದ ಉಳಿತಾಯವೂ ಉಳಿಯುತ್ತದೆ. ತಮ್ಮ ಮಾತಿನಲ್ಲಿ ನಂಬಿಕೆ ಇರುವ ಮಾರಾಟಗಾರರು ಈ ಷರತ್ತಿನ ಮೊತ್ತದ ಬಗ್ಗೆ ಚೌಕಾಸಿಗೆ ಕೂರುತ್ತಾರೆ. ನಂಬಿಕೆ ಇಲ್ಲದವರು ಪೂರ್ತಿ 80 ಲಕ್ಷವೂ ಇಂದೇ ಬೇಕು ಎನ್ನುತ್ತಾರೆ.