ಸಿಪ್ಯಾಪ್ ಒತ್ತಡ: ಅಂಕಿ ಬದಲಿಸುವ ಮುಂಚೆ

ಪ್ರಶ್ನೆ: ಡಾಕ್ಟರೇ, ನಮ್ಮ ಯಜಮಾನರಿಗೆ 58 ವರ್ಷ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಸಿಪ್ಯಾಪ್ ಯಂತ್ರ ಬರೆದುಕೊಟ್ಟರು. ಮನೆಗೆ ತಂದುಕೊಟ್ಟವರು ‘ಆಟೊ ಇದೆ, 4ರಿಂದ 20ರ ತನಕ ಅದೇ ನೋಡಿಕೊಳ್ಳುತ್ತೆ’ ಎಂದು ಹೇಳಿ ಹೋದರು. ಇವರು ಮಾಸ್ಕ್ ಹಾಕಿ ಮಲಗಿದ ಸ್ವಲ್ಪ ಹೊತ್ತಿಗೇ ‘ಗಾಳಿ ಸಾಲ್ತಿಲ್ಲ’ ಎಂದು ಎದ್ದು ಕೂರುತ್ತಾರೆ. ನಡುರಾತ್ರಿ ಗಾಳಿ ಭರ್ರನೆ ನುಗ್ಗಿ ಎಚ್ಚರವಾಗಿ, ಮಾಸ್ಕ್ ಕಿತ್ತು ಹಾಕುತ್ತಾರೆ. ಬೆಳಿಗ್ಗೆ ಪರದೆಯಲ್ಲಿ ಎಎಚ್‌ಐ 14 ಎಂದು ತೋರಿಸುತ್ತದೆ. ಗುಂಡಿ ಒತ್ತಿ ಹಿಡಿದರೆ ಡಾಕ್ಟರ ಮೆನು ತೆರೆಯುತ್ತದಂತೆ, ಒತ್ತಡ ತಾನೇ ಜಾಸ್ತಿ ಮಾಡಿಕೊಡುತ್ತೇನೆ ಅನ್ನುತ್ತಾನೆ ನನ್ನ ಅಣ್ಣನ ಮಗ. ಮಾಡಿಸಬಹುದೇ?
– ಗೃಹಿಣಿ, ತಿಪಟೂರು

ಉತ್ತರ: ಯಂತ್ರವನ್ನು ಮೂಲೆಗಿಡುವ ಮುಂಚೆ ಬರೆದಿರಿ, ಒಳ್ಳೆಯದಾಯಿತು ತಾಯಿ. ನಿಮ್ಮವರ ದೂರು ಎರಡೂ ನಿಜವಾದದ್ದೇ, ಎರಡಕ್ಕೂ ಪರಿಹಾರವಿದೆ.

ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಮೂಗಿನ ಮೂಲಕ ಹೋಗುವ ಗಾಳಿಯ ಒತ್ತಡ ಆ ದಾರಿಗೆ ಒಳಗಿನಿಂದ ಆಸರೆ ಕೊಡುತ್ತದೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ 1981ರಲ್ಲಿ ಐವರು ರೋಗಿಗಳಲ್ಲಿ ಇದನ್ನು ತೋರಿಸಿಕೊಟ್ಟಾಗ ಅವರಿಗೆ ಬೇಕಾದದ್ದು ನಾಲ್ಕೂವರೆಯಿಂದ 10 ಸೆಂಟಿಮೀಟರ್ ನೀರಿನಷ್ಟು ಒತ್ತಡ. ಯಂತ್ರದ ಮೇಲಿನ ಅಂಕಿಗಳು ಈಗಲೂ ಅದೇ ಅಳತೆಯವು. ಯಾರಿಗೆ ಎಷ್ಟು ಬೇಕೆನ್ನುವುದು ಕುತ್ತಿಗೆ, ದವಡೆ, ತೂಕ, ಮಲಗುವ ಭಂಗಿಯ ಮೇಲೆ ನಿಲ್ಲುತ್ತದೆ.

4ರಿಂದ 20 ಎನ್ನುವುದು ಯಂತ್ರಕ್ಕೆ ಸಾಧ್ಯವಿರುವ ಪೂರ್ತಿ ಹರವು. ನಿಮ್ಮವರಿಗೆಂದು ಯಾರೂ ಅಳೆದು ಕೊಟ್ಟದ್ದಲ್ಲ. ಹಾಗೇ ಬಿಟ್ಟುಹೋಗುವುದು ನನಗೆ ಸರಿಕಾಣುವುದಿಲ್ಲ. ವಯಸ್ಕರಲ್ಲಿ ಅನೇಕರಿಗೆ 4 ತೀರಾ ಕಡಿಮೆ. ಬಿಟ್ಟ ಉಸಿರು ಮಾಸ್ಕಿನ ಸಣ್ಣ ತೂತುಗಳಿಂದ ಹೊರಹೋಗಬೇಕಾದರೂ ಸ್ವಲ್ಪ ಒತ್ತಡ ಬೇಕು. ಅದು ಸಾಲದಿದ್ದರೆ ಉಸಿರು ಕಟ್ಟಿದಂತಾಗುತ್ತದೆ. ಇನ್ನು ನಡುರಾತ್ರಿಯ ಮಾತು. ಅಂಗಾತ ಮಲಗಿದಾಗ, ಕನಸಿನ ನಿದ್ದೆಯಲ್ಲಿದ್ದಾಗ ಗಂಟಲು ಹೆಚ್ಚು ಮುಚ್ಚುತ್ತದೆ. ಯಂತ್ರ ತಳದಿಂದ ಮೆಲ್ಲಗೆ ಏರಬೇಕು. ಅದು ಬೇಕಾದ ಒತ್ತಡಕ್ಕೆ ಮುಟ್ಟುವಷ್ಟರಲ್ಲಿ ಉಸಿರು ಹಲವು ಸಲ ನಿಂತಿರುತ್ತದೆ. ಎಎಚ್‌ಐ ಅಂದರೆ ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬ ಲೆಕ್ಕ. ಯಂತ್ರ ಹಾಕಿದ ಮೇಲೆ ಅದು 5ರ ಒಳಗೆ ಬರಬೇಕು. 14 ಹೆಚ್ಚಾಯಿತು.

ಹಾಗಂತ ನೇರವಾಗಿ ಅಂಕಿ ಏರಿಸಬೇಡಿ. ಮೊದಲು ಲೀಕ್ ನೋಡಿ. ನನ್ನ ಬಳಿ ಬಂದವರನ್ನು ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿಸಿ, ಯಂತ್ರ ಓಡುತ್ತಿರುವಾಗಲೇ ಮಾಸ್ಕಿನ ಅಂಚಿನ ಸುತ್ತ ಒದ್ದೆ ಬೆರಳು ಆಡಿಸುತ್ತೇನೆ. ಮೂಗಿನ ಬುಡದಲ್ಲಿ, ಕಣ್ಣಿನ ಪಕ್ಕದಲ್ಲಿ ತಣ್ಣಗೆ ಗಾಳಿ ತಾಗುತ್ತದೆ. ಕೂತಾಗ ಸರಿಯಿದ್ದ ಮಾಸ್ಕ್ ಮಲಗಿದಾಗ ಸಡಿಲವಾಗುತ್ತದೆ. ಆಗ ಪಟ್ಟಿ ಬಿಗಿದರೆ ಮೆತ್ತೆ ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಸ್ವಲ್ಪ ಸಡಿಲಿಸಿ, ಮಾಸ್ಕನ್ನು ಮುಖದಿಂದ ಒಮ್ಮೆ ಎತ್ತಿ ಕೂರಿಸಿ. ರಾತ್ರಿ ಮುಖಕ್ಕೆ ಎಣ್ಣೆ, ಕ್ರೀಮು ಹಚ್ಚುವ ಅಭ್ಯಾಸವಿದ್ದರೆ ಬಿಡಿಸಿ. ಮೆತ್ತೆಯನ್ನು ದಿನಾ ಹದವಾದ ಸೋಪಿನ ನೀರಿನಲ್ಲಿ ತೊಳೆಯಿರಿ. ಮೂಗಿನ ಮಾಸ್ಕ್ ಹಾಕಿ ಬಾಯಿ ತೆರೆದು ಮಲಗುವವರಾದರೆ ಗಾಳಿಯೆಲ್ಲ ಬಾಯಿಂದ ಹೋಗುತ್ತದೆ. ಅವರಿಗೆ ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬೇಕಾಗಬಹುದು.

ಆಮೇಲೆ ಯಂತ್ರದ ಕಾರ್ಡು ಅಥವಾ ಆ್ಯಪಿನ ವರದಿ ಹಿಡಿದು ನಿಮ್ಮ ನಿದ್ರಾ ವೈದ್ಯರ ಹತ್ತಿರ ಹೋಗಿ. ಅವರು ನೋಡುವುದು ಲೀಕ್, ರಾತ್ರಿಯ ಶೇ 95ರಷ್ಟು ಹೊತ್ತು ಎಷ್ಟು ಒತ್ತಡದ ಒಳಗೇ ಕಳೆಯಿತು ಎಂಬ ಅಂಕಿ, ಮತ್ತು ಉಸಿರು ನಿಂತದ್ದು ಯಾವ ಬಗೆಯದು ಎಂಬುದು. ಉದಾಹರಣೆಗೆ ಆ ಅಂಕಿ 11 ಇದ್ದರೆ ಕೆಳಮಿತಿಯನ್ನು 7–8ಕ್ಕೆ ಏರಿಸಿ ಮೇಲಿನದನ್ನು 13–14ಕ್ಕೆ ಇಳಿಸಬಹುದು. ಮಲಗಿದಾಗಿನ ಚಡಪಡಿಕೆಯೂ ನಡುರಾತ್ರಿಯ ಅಬ್ಬರವೂ ಒಟ್ಟಿಗೆ ತಗ್ಗುತ್ತವೆ.

ನಿಮ್ಮ ಅಣ್ಣನ ಮಗನಿಗೆ ಬೇಡ ಅನ್ನುವುದಕ್ಕೆ ಕಾರಣ ಉಸಿರು ನಿಂತದ್ದು ಯಾವ ಬಗೆಯದು ಎಂಬ ವಿಷಯ. ಗಂಟಲು ಮುಚ್ಚಿ ಉಸಿರು ನಿಲ್ಲುವುದು ಒಂದು ಬಗೆ; ಗಂಟಲು ತೆರೆದಿದ್ದರೂ ಮಿದುಳಿನಿಂದ ಉಸಿರಾಡುವ ಸೂಚನೆ ಬಾರದಿರುವುದು ಇನ್ನೊಂದು. ಎರಡನೆಯದರಲ್ಲಿ ಒತ್ತಡ ಏರಿಸಿದರೆ ತೊಂದರೆ ಹೆಚ್ಚಾಗಬಹುದು. ಹೃದಯ ದುರ್ಬಲವಾಗಿರುವವರು, ಮಾರ್ಫಿನ್ ಜಾತಿಯ ನೋವಿನ ಮಾತ್ರೆ ತೆಗೆದುಕೊಳ್ಳುವವರು ಇದರಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ರ‍್ಯಾಂಪ್ (ಮಲಗುವಾಗ ಒತ್ತಡವನ್ನು ಮೆಲ್ಲಗೆ ಏರಿಸುವುದು), ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವುದು) ಮಾತ್ರ ನೀವೇ ಧೈರ್ಯವಾಗಿ ಬದಲಿಸಿಕೊಳ್ಳಿ, ಅವು ಆರಾಮಕ್ಕೆಂದೇ ಇರುವುವು. ಡಾಕ್ಟರು ಒತ್ತಡ ಬದಲಿಸಿದ ಮೇಲೆ ಒಂದು ವಾರವಾದರೂ ಹಾಗೇ ಬಿಟ್ಟು ನೋಡಿ. ದಿನಕ್ಕೊಂದು ಅಂಕಿ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಯಂತ್ರ 13ಕ್ಕೆ ನಿಲ್ಲಿಸಿದ್ದು. ಗೊರಕೆ ಪೂರ್ತಿ ಹೋಗಿದೆ. ಆದರೆ ಬೆಳಿಗ್ಗೆ ಹೊಟ್ಟೆ ಉಬ್ಬಿ ತೇಗಿನ ಮೇಲೆ ತೇಗು. ಏನು ಮಾಡಲಿ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಗಾಳಿ ಅನ್ನನಾಳಕ್ಕೂ ಹೋಗುತ್ತಿದೆ, ಮೇಷ್ಟ್ರೇ. ಅಪಾಯವಿಲ್ಲ, ಹಿಂಸೆಯಂತೂ ಹೌದು. ಊಟವನ್ನು ಮಲಗುವ ಮೂರು ಗಂಟೆ ಮುಂಚೆ ಮುಗಿಸಿ, ಮಗ್ಗುಲಾಗಿ ಮಲಗಿ, ತಲೆಯ ಕಡೆ ಮಂಚ ಸ್ವಲ್ಪ ಎತ್ತರಿಸಿ. ಮೂಗು ಕಟ್ಟಿದ್ದರೆ ಅದಕ್ಕೆ ಚಿಕಿತ್ಸೆಯಾಗಲಿ. ಉಸಿರು ಬಿಡುವಾಗ ಒತ್ತಡ ಒಂದರಿಂದ 3ರಷ್ಟು ಇಳಿಸುವ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿದೆ. ಅದನ್ನು ಹಾಕಿಸಿ, ಎಎಚ್‌ಐ ಏರುತ್ತದೆಯೇ ನೋಡುತ್ತಿರಿ. ಇಷ್ಟಕ್ಕೂ ಬಗ್ಗದಿದ್ದರೆ 13 ಈಗಲೂ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಮಗ್ಗುಲಾಗಿ ಮಲಗಿದರೆ ಅನೇಕರಿಗೆ ಅಷ್ಟು ಬೇಡ.

ಪ್ರಶ್ನೆ: ಯಂತ್ರ ಬಂದ ಮೇಲೆ 14 ಕೆ.ಜಿ. ಇಳಿದಿದ್ದೇನೆ. ಈಗ ನಿಲ್ಲಿಸಬಹುದಾ ಸಾರ್?
– ಟ್ಯಾಕ್ಸಿ ಚಾಲಕ, ಶಿವಮೊಗ್ಗ

ಉತ್ತರ: ಅಷ್ಟು ತೂಕ ಇಳಿಸುವುದು ಸಣ್ಣ ಕೆಲಸವಲ್ಲ, ಬಹಳ ಸಂತೋಷ. ನಿಮಗೆ ಬೇಕಾದ ಒತ್ತಡ ಈಗ ಕಡಿಮೆಯಾಗಿರಬಹುದು. ಆದರೆ ಗೊರಕೆ ಇಲ್ಲವೆಂದ ಮಾತ್ರಕ್ಕೆ ಕಾಯಿಲೆ ಹೋಗಿದೆ ಎನ್ನಲಾಗದು. ನಿದ್ದೆಯ ಪರೀಕ್ಷೆ ಮತ್ತೊಮ್ಮೆ ಆಗಬೇಕು. ವರದಿ ಬರುವವರೆಗೆ ಒಂದು ರಾತ್ರಿಯೂ ತಪ್ಪಿಸಬೇಡಿ. ನಿಮ್ಮ ಗಾಡಿಯಲ್ಲಿ ಜನ ಕೂರುತ್ತಾರೆ. ಹಗಲಲ್ಲಿ ತೂಕಡಿಕೆ ಕಂಡರೆ ಅವತ್ತು ಸ್ಟೀರಿಂಗ್ ಮುಟ್ಟಬೇಡಿ.